800ಕ್ಕೆ 480 ಬಂದರೂ ಅನುತ್ತೀರ್ಣವೇಕೆ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗಳು ಒಳಾಂಗಣ ವಿನ್ಯಾಸಕಾರರ ಎನ್‌ಸಿಐಡಿಕ್ಯು ಪರೀಕ್ಷೆಯ ಮೊದಲ ಭಾಗದಲ್ಲಿ 480 ಅಂಕ ಪಡೆದೂ ಅನುತ್ತೀರ್ಣಳಾಗಿದ್ದಾಳೆ. 800ಕ್ಕೆ 480 ಎಂದರೆ ನಮ್ಮಲ್ಲಿ ಪ್ರಥಮ ದರ್ಜೆಯಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಪರೀಕ್ಷೆಯ ಅಂಕಮಾನ ಸೊನ್ನೆಯಿಂದಲ್ಲ, 200ರಿಂದ ಆರಂಭವಾಗಿ 800ಕ್ಕೆ ಮುಗಿಯುತ್ತದೆ. ಉತ್ತೀರ್ಣರಾಗಲು 500 ಬೇಕು. ಒಂದು ಸಲದ ಪ್ರಶ್ನೆಪತ್ರಿಕೆ ಇನ್ನೊಂದು ಸಲದ್ದಕ್ಕಿಂತ ತುಸು ಕಠಿಣವಾಗಿರಬಹುದಾದ್ದರಿಂದ, ಸರಿಯುತ್ತರಗಳ ಸಂಖ್ಯೆಯನ್ನು ನೇರವಾಗಿ ತಿಳಿಸದೆ, ಆ ವ್ಯತ್ಯಾಸವನ್ನು ಸರಿದೂಗಿಸಿ ಈ ಸಮಾನ ಅಂಕಮಾನಕ್ಕೆ ಪರಿವರ್ತಿಸುತ್ತಾರೆ. ಹಾಗಾಗಿ 480 ಎಂಬುದು ಶೇಕಡಾ 60 ಅಲ್ಲ, 500 ಎಂಬುದೂ ಶೇಕಡಾವಾರು ಅಲ್ಲ. ಸಹ ಅಭ್ಯರ್ಥಿಗಳೊಂದಿಗಿನ ಪೈಪೋಟಿಯೂ ಇದರಲ್ಲಿಲ್ಲ. ನಮ್ಮ ಸಿಇಟಿಯ ರ‍್ಯಾಂಕಿಗೆ ಒಗ್ಗಿದವರಿಗೆ ಇದು ವಿಚಿತ್ರವೆನಿಸೀತು.

ಇನ್ನೊಂದು ಸಂಗತಿ: ಕೆಲವು ಪ್ರಶ್ನೆಗಳಿಗೆ ಅಂಕವೇ ಇಲ್ಲ. ಮುಂದಿನ ಪರೀಕ್ಷೆಗಳಲ್ಲಿ ಬಳಸಲು ಅವು ಯೋಗ್ಯವೇ ಎಂದು ನೋಡಲು ಅವನ್ನು ನಡುನಡುವೆ ಸೇರಿಸಿರುತ್ತಾರೆ, ಮತ್ತು ಅವು ಯಾವುವೆಂದು ಅಭ್ಯರ್ಥಿಗೆ ತಿಳಿಯುವುದಿಲ್ಲ.

ಮೂರು ಭಾಗಗಳ ಫಲಿತಾಂಶವೂ ಪ್ರತ್ಯೇಕ. ಒಂದರಲ್ಲಿ ಹೆಚ್ಚು ಬಂದರೆ ಇನ್ನೊಂದರ ಕೊರತೆ ತುಂಬುವುದಿಲ್ಲ, ಆದರೆ ಮಗಳು ಅನುತ್ತೀರ್ಣವಾದ ಭಾಗವನ್ನಷ್ಟೇ ಮತ್ತೆ ಬರೆದರೆ ಸಾಕು.