ಪಕ್ಕದ ಫಾಸ್ಟ್ ಲೋಕಲ್ ದಾಟಿದಾಗ ನಾವೇ ಹಿಂದಕ್ಕೆ ಸರಿದಂತೆ ಕಾಣುವುದೇಕೆ?

ಮುಂಬಯಿ ಕಡೆ ಡೊಂಬಿವಲಿಯಿಂದ ದಾದರ್‌ಗೆ ಸ್ಲೋ ಲೋಕಲ್ ರೈಲಿನಲ್ಲಿ ಬರುವಾಗ ಪಕ್ಕದ ಹಳಿಯಲ್ಲಿ ಅದೇ ದಿಕ್ಕಿಗೆ ಹೋಗುವ ಫಾಸ್ಟ್ ದಾಟಿದರೆ ನಾವೇ ಹಿಂದಕ್ಕೆ ಹೋದ ಹಾಗಾಗುತ್ತದೆ, ಹಾಗಾದರೆ ನಿಜವಾದ ವೇಗ ಯಾವುದು ಎಂದು ಕೇಳಿದ್ದೀರಿ. ಮೊದಲು ಆ ‘ನಿಜವಾದ’ ಎಂಬ ಪದವನ್ನು ಬಿಟ್ಟುಬಿಡಿ. ಯಾವ ವೇಗ ಬರೆದರೂ ಪಕ್ಕದಲ್ಲೇ ‘ಯಾವುದಕ್ಕೆ ಹೋಲಿಸಿ’ ಎಂದೂ ಬರೆಯಿರಿ. ರೆಫರೆನ್ಸ್ ಫ್ರೇಮ್ ಅಂದರೆ ಅದೇ, ಅಳೆಯುವವರು ನಿಂತ ನೆಲೆ.

ಹಳಿಗೆ ಹೋಲಿಸಿ ನಿಮ್ಮ ಗಾಡಿ ಗಂಟೆಗೆ 54 ಕಿ.ಮೀ., ಫಾಸ್ಟ್ 72 ಅನ್ನಿ. ನೋಡುವ ವಸ್ತುವಿನ ವೇಗದಿಂದ ನೋಡುವವರ ವೇಗ ಕಳೆಯಬೇಕು: 72 − 54 = 18. ಇದನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ 5 ಮೀಟರ್. ಫಾಸ್ಟ್‌ನಲ್ಲಿ ಕೂತವರಿಗೆ ನಿಮ್ಮ ವೇಗ 54 − 72 = −18, ಅಂದರೆ ಹಿಂದಕ್ಕೆ 18. ಕಿಟಕಿಯ ತುಂಬ ಆ ಗಾಡಿಯೇ ಇದ್ದಾಗ ಕಣ್ಣು ಅದನ್ನೇ ನಿಂತ ನೆಲವೆಂದು ಹಿಡಿದುಕೊಳ್ಳುತ್ತದೆ. ನಿಮಗಾಗುವ ಅನುಭವ ಈ −18. ಆಚೆ ಬದಿಯ ಕಿಟಕಿಯಲ್ಲಿ ಕಂಬ ನೋಡಿ, ಮತ್ತೆ +54 ಆಗುತ್ತೀರಿ. ಎರಡೂ ಸರಿಯೇ.

ಎದುರಿನಿಂದ ಗಂಟೆಗೆ 72 ಕಿ.ಮೀ.ನಲ್ಲಿ ಬರುವ ಗಾಡಿಯಾದರೆ, ದಿಕ್ಕು ತಿರುಗಿದ್ದರಿಂದ ಅದರ ವೇಗ −72. ಆಗಲೂ ಕಳೆಯುವುದೇ: −72 − 54 = −126. ‘ಎದುರಾದರೆ ಕೂಡು, ಜೊತೆಯಾದರೆ ಕಳೆ’ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ, ಓರೆ ದಿಕ್ಕು ಬಂದ ಕೂಡಲೇ ಅದು ಕೈಕೊಡುತ್ತದೆ. ಉದ್ದದಲ್ಲೂ ಎಡವುತ್ತಾರೆ. ಎರಡೂ ಗಾಡಿ 260 ಮೀಟರ್ ಇದ್ದರೆ, ಕಿಟಕಿಯಲ್ಲಿ ಕೂತ ನಿಮ್ಮನ್ನು ಫಾಸ್ಟ್ ದಾಟಲು 260 ÷ 5 = 52 ಸೆಕೆಂಡು; ನಿಮ್ಮ ಇಡೀ ಗಾಡಿಯನ್ನು ದಾಟಲು 520 ÷ 5 = 104.

ಓರೆ ದಿಕ್ಕಿಗೆ ಜುಲೈ ಮಳೆಯೇ ಸಾಕು. ಗಾಳಿಯಿಲ್ಲದಾಗ ದಪ್ಪ ಹನಿ ನೆಟ್ಟಗೆ ಸೆಕೆಂಡಿಗೆ 8 ಮೀಟರ್ ಇಳಿಯುತ್ತದೆ ಅನ್ನಿ. ನಿಮ್ಮ 54 ಕಿ.ಮೀ. ಅಂದರೆ ಸೆಕೆಂಡಿಗೆ 15 ಮೀಟರ್. ಹನಿಯ ವೇಗದಿಂದ ಇದನ್ನು ಕಳೆದರೆ ಕೆಳಕ್ಕೆ 8, ಹಿಂದಕ್ಕೆ 15. ಪೈಥಾಗೊರಸ್ ಪ್ರಕಾರ ಒಟ್ಟು 17, ಲಂಬರೇಖೆಯಿಂದ ಸುಮಾರು 62 ಡಿಗ್ರಿ ಓರೆ. 8ಕ್ಕೆ 15 ಕೂಡಿಸಿ 23 ಬರೆಯುವವರು ಬಹಳ.

ಗಾಡಿ ಒಂದೇ ವೇಗದಲ್ಲಿ ನೇರ ಹೋಗುವವರೆಗೆ ನ್ಯೂಟನ್ನನ ನಿಯಮಗಳು ಡಬ್ಬಿಯೊಳಗೂ ಹಾಗೆಯೇ ನಡೆಯುತ್ತವೆ. ಬ್ರೇಕ್ ಬಿದ್ದಾಗ ಮಾತ್ರ ಹಾಗಲ್ಲ. ವೇಗ ಪ್ರತಿ ಸೆಕೆಂಡಿಗೂ 0.8 ಮೀ./ಸೆ.ನಷ್ಟು ಇಳಿಯುತ್ತಿದ್ದರೆ ತೂಗುವ ಹಿಡಿಕೆ ಮುಂದಕ್ಕೆ ಹೆಚ್ಚುಕಡಿಮೆ 5 ಡಿಗ್ರಿ ವಾಲುತ್ತದೆ. ಡಬ್ಬಿಯೊಳಗಿನಿಂದ ಲೆಕ್ಕ ಮಾಡಿದರೆ ಮುಂದಕ್ಕೆ ಒಂದು ಮಿಥ್ಯಾ ಬಲ (ಯಾವ ವಸ್ತುವೂ ಹಾಕದ, ಲೆಕ್ಕಕ್ಕಷ್ಟೇ ಹಿಡಿಯುವ ಬಲ) ಸೇರಿಸಬೇಕು, ಹಳಿಯ ಕಡೆಯಿಂದ ಮಾಡಿದರೆ ಬೇಡ. ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬೇಡಿ.