ಐದು ಸ್ಟಾರ್ ಇದ್ದರೆ ಸಾಕಾ?

ನ್ಯೂಜೆರ್ಸಿಯಲ್ಲಿ ಮಾವನವರಿಗೆ ನೋಡಿರುವ, ವೃದ್ಧರನ್ನು ಇರಿಸಿಕೊಂಡು ಆರೈಕೆ ಮಾಡುವ ನರ್ಸಿಂಗ್ ಹೋಮ್‌ಗೆ ಮೆಡಿಕೇರ್ (ಅಮೆರಿಕ ಸರ್ಕಾರದ ಹಿರಿಯರ ಆರೋಗ್ಯ ವಿಮೆ) ಸೈಟಿನಲ್ಲಿ ಐದು ಸ್ಟಾರ್ ಇದೆ, ನಂಬಬಹುದಾ ಅಂತ ಕೇಳಿದ್ದೀರಿ. ಒಟ್ಟು ಸ್ಟಾರ್ ನೋಡಿ ಸುಮ್ನೆ ನಿಲ್ಲಬೇಡಿ. ಅದರೊಳಗೆ ಮೂರು ಬೇರೆ ಅಂಕಗಳಿವೆ: ಸರ್ಕಾರಿ ತಪಾಸಣೆ, ಸಿಬ್ಬಂದಿ, ಗುಣಮಟ್ಟ. ಗುಣಮಟ್ಟದ ಅಂಕಕ್ಕೆ ಬಹಳಷ್ಟು ಮಾಹಿತಿ ಕೊಡುವುದು ಆ ಹೋಮ್‌ನವರೇ. ಹಾಗಾಗಿ ನಾನು ಅದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ.

ತಪಾಸಣೆ ವರದಿಯನ್ನೇ ತೆರೆದು ಓದಿ. ಪ್ರತಿ ತಪ್ಪಿಗೂ ಎ ಇಂದ ಎಲ್ ವರೆಗೆ ಒಂದು ಅಕ್ಷರ ಇರುತ್ತದೆ. ಜಿ ಅಥವಾ ಅದಕ್ಕಿಂತ ಮುಂದಿನದಾದರೆ ಯಾರಿಗೋ ನಿಜವಾಗಿ ಪೆಟ್ಟಾಗಿದೆ, ಇಲ್ಲವೇ ಜೀವಕ್ಕೇ ಅಪಾಯವಿತ್ತು ಎಂದರ್ಥ. ಒಂದೇ ತಪ್ಪು ವರ್ಷ ವರ್ಷವೂ ಬಂದಿದ್ದರೆ ಇನ್ನೂ ಕೆಟ್ಟದ್ದು. ಹೆಸರಿನ ಪಕ್ಕ ಕೆಂಪು ಹಸ್ತದ ಗುರುತಿದ್ದರೆ ಅಲ್ಲಿರುವವರಿಗೆ ಹಿಂಸೆಯಾದ ತಪ್ಪು ತಪಾಸಣೆಯಲ್ಲಿ ದಾಖಲಾಗಿದೆ ಅಂತ. ನಾನಾದರೆ ಅಲ್ಲಿಗೇ ಕೈಬಿಡುತ್ತೇನೆ.

ಸಿಬ್ಬಂದಿ ಲೆಕ್ಕ ಸಂಬಳದ ದಾಖಲೆಯಿಂದ ಬರುತ್ತದೆ, ಹಾಗಾಗಿ ಸ್ವಲ್ಪ ನಂಬಬಹುದು. ವಾರಾಂತ್ಯದ ಅಂಕಿ, ನರ್ಸ್‌ಗಳು ಕೆಲಸ ಬಿಡುವ ಪ್ರಮಾಣ, ಎರಡನ್ನೂ ನೋಡಿ.

ಆಮೇಲೆ ಭಾನುವಾರ ಸಂಜೆ ಹೋಗಿ. ಆ ದಿನ ಎಷ್ಟು ನರ್ಸ್ ಇದ್ದಾರೆ ಅಂತ ಅವರು ಎಲ್ಲರಿಗೂ ಕಾಣುವಂತೆ ಹಾಕಿರಬೇಕು, ಅದು ನಿಯಮ. ಕಾಲ್ ಬೆಲ್ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ಗಮನಿಸಿ. ಮಾವನವರು ಸಸ್ಯಾಹಾರಿಯಾದರೆ ಅಡುಗೆಯವರನ್ನೇ ಕೇಳಿ, ಮಾರ್ಕೆಟಿಂಗ್‌ನವರನ್ನಲ್ಲ! ಇಂಥ ಹೋಮ್‌ಗಳ ಮೇಲಿನ ದೂರು ನೋಡಿಕೊಳ್ಳುವ ರಾಜ್ಯದ ಒಂಬುಡ್ಸ್‌ಮನ್ ಕಚೇರಿಗೂ ಒಂದು ಫೋನ್ ಮಾಡಿ, ಅದಕ್ಕೆ ದುಡ್ಡೇನೂ ಇಲ್ಲ.