ಆರು ಕಾಯಿ ಕಳೆದಿಲ್ಲ, ಹೊಸದು ಮಾಡಿಸಬೇಡಿ

ಮಡಿಕೇರಿಯ ಹಳೇ ಸಾಮಾನಿನ ಅಂಗಡಿಯಲ್ಲಿ ನಿಮಗೆ ಸಿಕ್ಕಿದ ಮಡಚುವ ಬೋರ್ಡಿನ ಫೋಟೋ ನೋಡಿದೆ ಅಣ್ಣ. ದೊಡ್ಡ ಚೆಸ್ ಇರಬೇಕು, ಎರಡು ಬಣ್ಣದಲ್ಲಿ ಆರಾರು ಕಾಯಿ ಕಮ್ಮಿ ಇವೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸ ಕಾಯಿ ಮಾಡಿಸುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಎರಡೂ ಬೇಡ. ನಾನು ಎರಡನ್ನೂ ಮಾಡಿ ಕೆಡಿಸಿಕೊಂಡವನು.

ಅದು ಹಾಲ್ಮಾ, ಕಾಯಿಗಳನ್ನು ಹಾರಿಸುತ್ತಾ ಎದುರು ಮೂಲೆಗೆ ದಾಟಿಸುವ ಆಟ. ಒಂದು ಸಾಲಿನ ಮನೆ ಎಣಿಸಿ, 16 ಇರುತ್ತದೆ, ಒಟ್ಟು 256. ಮೂಲೆಗಳಲ್ಲಿ ಮೆಟ್ಟಿಲಿನ ಹಾಗೆ ಇಳಿಯುವ ದಪ್ಪ ಗೆರೆ ಇದೆ ಅಲ್ವಾ? ನಾಲ್ಕೂ ಮೂಲೆಯಲ್ಲಿ ಗೆರೆಯೊಳಗೆ ಸಾಲುಸಾಲಾಗಿ 4, 4, 3, 2 ಮನೆ, ಕೂಡಿದರೆ 13. ಎದುರುಬದುರು ಎರಡು ಮೂಲೆಯಲ್ಲಿ ಮಾತ್ರ ಅದರಾಚೆ ಇನ್ನೊಂದು ಗೆರೆ: 5, 5, 4, 3, 2, ಅಂದರೆ 19. ಇಬ್ಬರು ಆಡಿದರೆ ತಲಾ 19 ಕಾಯಿ, ನಾಲ್ವರಾದರೆ ತಲಾ 13. ಅದಕ್ಕೇ ಎರಡು ಬಣ್ಣದಲ್ಲಿ 19, ಇನ್ನೆರಡರಲ್ಲಿ 13. 64 ಇದ್ದರೆ ನಿಮ್ಮದು ಪೂರ್ತಿ ಸೆಟ್.

ಇದು ಗೊತ್ತಿಲ್ಲದೆ ನಾನು ಕುಶಾಲನಗರದಲ್ಲಿ ಒಬ್ಬ ಬಡಗಿಯ ಹತ್ತಿರ 12 ಕಾಯಿ ಕಡೆಸಿದೆ. ನನ್ನ ಸೆಟ್ ಸುಂಟಿಕೊಪ್ಪದ ಕಡೆ ಒಂದು ತೋಟದ ಬಂಗಲೆಯ ಸಾಮಾನು ಮಾರುವಾಗ ಬಂದದ್ದು. ಹೊಸದಕ್ಕೂ ಹಳೆಯದಕ್ಕೂ ಬಣ್ಣ ಹೊಂದಲಿ ಅಂತ ಎಲ್ಲಕ್ಕೂ ಎನಾಮಲ್ ಬಳಿದೆ. ಈಗ ಯಾವುದು ಹಳೆಯದು ಅಂತ ನನಗೇ ಗೊತ್ತಾಗುವುದಿಲ್ಲ. ಬೋರ್ಡಿನ ಹಿಂದೆ ಒಂದು ನೀಲಿ ಲೇಬಲ್ ಇತ್ತು. ಒದ್ದೆ ಬಟ್ಟೆ ಎಳೆದಾಗ ಕಾಗದ ಬೆರಳಿನಡಿ ಸಣ್ಣ ಸಣ್ಣ ಉಂಡೆಯಾಗಿ ಬಂತು. ಉಳಿದದ್ದು 'ಇಂಗ್ಲೆಂಡ್' ಅನ್ನುವ ಪದದ ಅರ್ಧ. ಆಷಾಢ ಬರುವ ಹೊತ್ತಿಗೆ ಬೋರ್ಡ್ ಮಡಚುವ ಕಡೆ ಅಂಟಿಸಿದ್ದ ಬಟ್ಟೆಯ ತುಂಬ ಬೂಸ್ಟು.

ಲೇಬಲ್ ಹೋದರೆ ಕಾಲ ಹೇಳುವುದು ಕಷ್ಟ. ಹಾಲ್ಮಾ ಆಟ ಹುಟ್ಟಿದ್ದು 1880ರ ದಶಕದಲ್ಲಿ, ಅಮೆರಿಕದಲ್ಲಿ. ಹಾಗಂತ ನಿಮ್ಮ ಬೋರ್ಡೂ ಅಷ್ಟು ಹಳೆಯದು ಅಂತಲ್ಲ, ಅಂಗಡಿಯವರು 'ಬ್ರಿಟಿಷರ ಕಾಲದ್ದು' ಅಂದರೆ ಸುಮ್ನೆ ದುಡ್ಡು ಕೊಡಬೇಡಿ. ನಮ್ಮ ದೇಶದ ಚೀಟಿ ಇದ್ದರೆ ಬೆಲೆ ನೋಡಿ. ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಮುಂಚಿನದು. ನಯೇ ಪೈಸೆ ಅಂತಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಆದರೆ ಚೀಟಿ ಮಾರಿದ ಅಂಗಡಿಯದಾ, ತಯಾರಿಸಿದವರದಾ ಅಂತ ಮೊದಲು ನೋಡಿ. ಅಂಗಡಿಯವರು ಹಳೇ ಸ್ಟಾಕಿಗೆ ಹೊಸ ಚೀಟಿ ಅಂಟಿಸುತ್ತಿದ್ದರು.

ಧೂಳಿಗೆ ಒಣಗಿದ ಶೇವಿಂಗ್ ಬ್ರಷ್ ಸಾಕು. ಕೊಳೆಗೆ ಮೆತ್ತಗಿನ ಬಿಳಿ ರಬ್ಬರ್, ನನಗೆ ಫೇಬರ್ ಕ್ಯಾಸಲ್ ಒಗ್ಗಿದೆ. ಬಣ್ಣದ ರಬ್ಬರ್ ಬೇಡ, ಗುರುತು ಬಿಡುತ್ತದೆ. ಮೊದಲು ಒಂದು ಮೂಲೆಯಲ್ಲಿ ಉಜ್ಜಿ ನೋಡಿ, ಅಚ್ಚು ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಮಡಿಕೆ ಬಿಟ್ಟಿದ್ದರೆ ಸೆಲ್ಲೋಟೇಪ್ ಹಚ್ಚಲೇಬೇಡಿ. ಫೆವಿಕಾಲ್ ಮರಕ್ಕೆ ಚೆನ್ನಾಗಿದೆ, ರಟ್ಟಿಗೆ ಜಾಸ್ತಿ ಬಳಿದರೆ ಸೊಟ್ಟಗಾಗುತ್ತದೆ. ಮಳೆಗಾಲಕ್ಕೆ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆ ಹಿಡಿಯುತ್ತದೆ.

ಅದೇ ಅಂಗಡಿಯಲ್ಲಿ ನಕ್ಷತ್ರದಾಕಾರದ, 121 ಗುಳಿಯ ಬೋರ್ಡ್ ಕಂಡರೆ ಅದು ಚೈನೀಸ್ ಚೆಕರ್ಸ್. ಹೆಸರಿಗೆ ಚೀನಾದ್ದು, ಹಾಲ್ಮಾದಿಂದಲೇ ಜರ್ಮನಿಯಲ್ಲಿ ಹುಟ್ಟಿದ್ದು. ಎರಡು ಸಾಲಿನಲ್ಲಿ ಏಳೇಳು ಗುಳಿಯ ಮರದ ಮಣೆ ಸಿಕ್ಕರೆ ಅಳಗುಳಿ ಮಣೆ, ಅದಕ್ಕೆ ಪಾಲಿಶ್ ಹಾಕಿಸಬೇಡಿ, ಕೈ ತಾಗಿ ತಾಗಿ ಬಂದ ಹೊಳಪು ಹೋಗುತ್ತದೆ.

ಆಟ ಸುಲಭ. ಪಕ್ಕದ ಮನೆಗೆ ಒಂದು ಹೆಜ್ಜೆ, ಓರೆಯಾಗಿಯೂ ಇಡಬಹುದು. ಇಲ್ಲವೇ ಯಾರದೇ ಕಾಯಿಯನ್ನು ಹಾರಿ ಆಚೆಯ ಖಾಲಿ ಮನೆಗೆ, ಸಾಲಾಗಿ ಎಷ್ಟು ಸಲ ಬೇಕಾದರೂ. ಕಾಯಿ ಹೊಡೆಯುವಂತಿಲ್ಲ. ಎದುರು ಮೂಲೆ ಮೊದಲು ತುಂಬಿದವರು ಗೆದ್ದರು. ಬಟ್ಟೆ ಮುಟ್ಟಿಸುವ ಮುಂಚೆ ಬೋರ್ಡಿನ ಹಿಂಭಾಗದ ಫೋಟೋ ಹಗಲು ಬೆಳಕಲ್ಲಿ ತೆಗೆದು ಇಲ್ಲಿ ಹಾಕಿ.